ದಾಖಲೆ ಸಂಸ್ಥೆಯದು, ಮಾಹಿತಿ ಯಾರದು?

ಶಿರಸಿ ತಾಲ್ಲೂಕಿನ ಪೂರ್ವಭಾಗದ ದಾಸನಕೊಪ್ಪದಂಥ ಒಂದು ಊರಿನಲ್ಲಿ ಸಹಕಾರಿ ಸಂಘವೊಂದರ ಕಚೇರಿಯನ್ನು ಕಲ್ಪಿಸಿಕೊಳ್ಳಬಹುದು. ಗೋಡೆಗೆ ಒರಗಿದ ಉಕ್ಕಿನ ಕಪಾಟಿನಲ್ಲಿ ಸದಸ್ಯರ ಖಾತೆ ಪುಸ್ತಕಗಳು, ಪಹಣಿ ಪತ್ರಿಕೆಗಳು, ಆಧಾರ್ ಚೀಟಿಯ ಝೆರಾಕ್ಸ್ ಪ್ರತಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟಗಳು, ಬೆಳೆಸಾಲದ ಕರಾರುಗಳು, ನಾಮನಿರ್ದೇಶಿತ ವಾರಸುದಾರರ ಹೆಸರುಗಳು ಇವೆ. ಇವೆಲ್ಲದರ ಇನ್ನೊಂದು ಪ್ರತಿ ಮೇಜಿನ ಮೇಲಿನ ಗಣಕಯಂತ್ರದಲ್ಲಿದೆ. ಮತ್ತೊಂದು ಪ್ರತಿ ಗುಮಾಸ್ತನ ಮೊಬೈಲಿನಲ್ಲಿ ಭಾವಚಿತ್ರಗಳ ರೂಪದಲ್ಲಿ ಉಳಿದಿದೆ.

ಅದೇ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ ಬೇರೊಂದು ಬಗೆಯ ಪುಸ್ತಕವಿದೆ. ಯಾವ ಕೇರಿಯವರು ಯಾವ ಗುಡ್ಡದಿಂದ ಉಪ್ಪಾಗೆ ತರುತ್ತಾರೆ, ಯಾವ ತಿಂಗಳಿನಲ್ಲಿ ಯಾವ ಕಾಡಿನ ಜೇನು ಗಟ್ಟಿಯಾಗಿರುತ್ತದೆ, ಹೊಳೆಯಂಚಿನ ಯಾವ ಅಪ್ಪೆಮರದ ಮಿಡಿ ಉಪ್ಪಿನಲ್ಲಿ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ, ಯಾವ ನಾಟಿ ವೈದ್ಯರು ಯಾವ ಬೇರನ್ನು ಯಾವ ಕಾಯಿಲೆಗೆ ಕೊಡುತ್ತಾರೆ ಎಂಬ ವಿವರಗಳು ಅದರಲ್ಲಿವೆ. ಕಿರು ಅರಣ್ಯ ಉತ್ಪನ್ನಗಳ ಖರೀದಿಗೆಂದು ಆರಂಭವಾದ ಪುಸ್ತಕವದು. ಹಂಗಾಮಿನಿಂದ ಹಂಗಾಮಿಗೆ ಅದು ದಪ್ಪವಾಗುತ್ತಾ ಬಂದಿದೆ.

ಈ ಎರಡೂ ಪುಸ್ತಕಗಳು ಯಾರ ಸೊತ್ತು ಎಂದು ಕೇಳಿದರೆ ಬಹುತೇಕ ಆಡಳಿತ ಮಂಡಳಿಗಳು ಕ್ಷಣವೂ ಯೋಚಿಸದೆ "ಸಂಘದ್ದು" ಎಂದು ಉತ್ತರಿಸುವ ಸಂಭವವೇ ಹೆಚ್ಚು. ಕಾಗದ, ರಟ್ಟು, ಕಪಾಟು, ಗಣಕಯಂತ್ರ ಇವು ಸಂಘದ್ದು ಎಂಬುದು ನಿಜ. ಆದರೆ ಅವುಗಳಲ್ಲಿರುವ ಮಾಹಿತಿ ಸಂಘದ್ದಲ್ಲ. ಮೇಲಿನ ಪುಸ್ತಕದ ಮಾಹಿತಿ ಆಯಾ ವ್ಯಕ್ತಿಗೆ ಸೇರಿದ್ದು. ಕೆಳಗಿನ ಪುಸ್ತಕದ ಮಾಹಿತಿ ಒಂದು ಸಮುದಾಯಕ್ಕೆ ಸೇರಿದ್ದು. ಸಂಸ್ಥೆ ಎರಡಕ್ಕೂ ಕಾವಲುಗಾರ ಮಾತ್ರ. ಈ ವ್ಯತ್ಯಾಸವನ್ನು ಅರಿಯದ ಸಂಸ್ಥೆಗಳು ಮುಂದಿನ ದಿನಗಳಲ್ಲಿ ಕಾನೂನಿನ ತೊಡಕಿಗೆ ಸಿಲುಕುವುದಲ್ಲದೆ, ಅದಕ್ಕಿಂತ ದೊಡ್ಡ ಬಂಡವಾಳವಾದ ಜನರ ನಂಬಿಕೆಯನ್ನೂ ಕಳೆದುಕೊಳ್ಳಲಿವೆ.

ವಖಾರಿಯ ನ್ಯಾಯ

ಈ ವಿಚಾರ ಘಟ್ಟದ ಮೇಲಿನ ವ್ಯಾಪಾರಸ್ಥರಿಗೆ ಹೊಸದೆನಿಸಬೇಕಾಗಿಲ್ಲ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಸ್ಥಾಪನೆಯಾದ ಕಾಲದಿಂದ ಈ ಭಾಗದ ಅಡಿಕೆ ವಹಿವಾಟಿನ ಬೆನ್ನೆಲುಬಾಗಿ ನಿಂತಿರುವುದು ಒಂದು ಸರಳವಾದ ನ್ಯಾಯ. ಬೆಳೆಗಾರನು ತಂದ ಮಹಸೂಲನ್ನು ಸಂಘ ತೂಗಿ, ರಾಶಿ, ಚಾಲಿ, ಬೆಟ್ಟೆ, ಗೋಟು ಎಂದು ವಿಂಗಡಿಸಿದ್ದನ್ನು ಅವನ ಹೆಸರಿನಲ್ಲಿಯೇ ಇರಿಸಿ, ವ್ಯಾಪಾರಿಗಳ ಟೆಂಡರಿಗೆ ಒಡ್ಡುತ್ತದೆ. ಮಾಲು ವಖಾರಿಯಲ್ಲಿದ್ದರೂ ಅದು ಬೆಳೆಗಾರನದೇ. ದರ ಒಪ್ಪಿಗೆಯಾಗದಿದ್ದರೆ ಕೊಡದೆ ಉಳಿಸಿಕೊಳ್ಳುವ ಅಧಿಕಾರವೂ ಅವನದೇ. ಸಂಘಕ್ಕೆ ಸಲ್ಲುವುದು ಅದರ ಸೇವೆಗೆ ತಕ್ಕ ದಲಾಲಿ. ವಖಾರಿಯ ಕೀಲಿ ಕೈಯಲ್ಲಿದೆ ಎಂಬ ಕಾರಣಕ್ಕೆ ಯಾವ ವ್ಯವಸ್ಥಾಪಕನೂ ಒಂದು ಮೂಟೆಯನ್ನು ಗೆಳೆಯನ ಮನೆಗೆ ಕಳುಹಿಸುವುದಿಲ್ಲ.

ಆದರೆ ಅದೇ ವ್ಯವಸ್ಥಾಪಕನು ಸದಸ್ಯರ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಗೊಬ್ಬರದ ಕಂಪನಿಯ ಪ್ರತಿನಿಧಿಗೋ ವಿಮಾ ಏಜೆಂಟರಿಗೋ ಸೌಜನ್ಯಕ್ಕಾಗಿ ಕೊಟ್ಟುಬಿಡುವುದು ಅಸಂಭವವಲ್ಲ. ಮೂಟೆ ಹೋದರೆ ವಖಾರಿಯಲ್ಲಿ ಜಾಗ ಖಾಲಿಯಾಗುತ್ತದೆ. ಕಳ್ಳತನ ಕಣ್ಣಿಗೆ ಕಾಣುತ್ತದೆ. ಮಾಹಿತಿಯ ಪ್ರತಿ ಹೋದರೆ ಮೂಲ ಇದ್ದಲ್ಲೇ ಇರುತ್ತದೆ. ಏನೂ ಆಗಿಲ್ಲವೆಂಬ ಭ್ರಮೆ ಉಳಿಯುತ್ತದೆ. ನಷ್ಟ ಮಾತ್ರ ನಿಜವಾದದ್ದು. ಬೆಳೆಗಾರನ ಮನೆಯಲ್ಲಿ ಎಷ್ಟು ಕ್ವಿಂಟಲ್ ಚಾಲಿ ದಾಸ್ತಾನಿದೆ, ಅವನ ಸಾಲದ ಕಂತಿನ ಗಡುವು ಯಾವ ದಿನಾಂಕಕ್ಕೆ ಮುಗಿಯುತ್ತದೆ, ಮಗಳ ಮದುವೆಗೆಂದು ಅವನು ಎಷ್ಟು ಮುಂಗಡ ಕೇಳಿದ್ದಾನೆ ಎಂಬ ಮೂರು ಸಂಗತಿಗಳು ಖರೀದಿದಾರನಿಗೆ ಮೊದಲೇ ತಿಳಿದಿದ್ದರೆ ಬೆಳೆಗಾರನಿಗೆ ಚೌಕಾಶಿಯ ಶಕ್ತಿಯೇ ಇರುವುದಿಲ್ಲ. ಅವನ ಅಡಿಕೆ ಮಾರಾಟವಾಗುವ ಮೊದಲೇ ಅವನ ಅಗತ್ಯ ಮಾರಾಟವಾಗಿರುತ್ತದೆ.

ವ್ಯಕ್ತಿಯ ಹಕ್ಕು

ಖಾಸಗಿತನವು ಮೂಲಭೂತ ಹಕ್ಕು ಎಂಬ ತೀರ್ಪು ದೊರೆತದ್ದು ಕನ್ನಡಿಗರೊಬ್ಬರ ಹೆಸರಿನಲ್ಲಿ ಎಂಬುದು ಸ್ಮರಣೀಯ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ನೀಡಿದ ತೀರ್ಪು, ಖಾಸಗಿತನವನ್ನು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಅದರ ಮುಂದಿನ ಹೆಜ್ಜೆಯಾಗಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಆ ಅಧಿಸೂಚನೆಯಲ್ಲಿ 18 ತಿಂಗಳ ಕಾಲಾವಕಾಶ ನೀಡಲಾಯಿತು. ಇದು ವಿಶ್ರಾಂತಿಗಾಗಿ ಕೊಟ್ಟ ಅವಧಿಯಲ್ಲ, ಸಿದ್ಧತೆಗಾಗಿ ಕೊಟ್ಟದ್ದು.

ಈ ಕಾಯ್ದೆ ಬೆಂಗಳೂರಿನ ತಂತ್ರಾಂಶ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತದೆಂಬುದು ತಪ್ಪು ಕಲ್ಪನೆ. ಕಾಗದದ ಮೇಲೆ ಪಡೆದು ನಂತರ ಗಣಕಯಂತ್ರಕ್ಕೆ ಏರಿಸಿದ ವೈಯಕ್ತಿಕ ಮಾಹಿತಿಯೂ ಇದರ ವ್ಯಾಪ್ತಿಗೆ ಬರುತ್ತದೆ. ಒಪ್ಪಿಗೆಯ ಆಧಾರದ ಮೇಲೆ ಮಾಹಿತಿ ಪಡೆಯುವಾಗ ಯಾವ ಉದ್ದೇಶಕ್ಕೆ ಎಂಬುದನ್ನು ತಿಳಿಸಬೇಕು. ಆ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಅವಕಾಶ ಸದಸ್ಯನಿಗಿರಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಉಳಿಸಿಕೊಳ್ಳಲು ಹೇಳದಿದ್ದರೆ, ಮಾಹಿತಿಯನ್ನು ಅಳಿಸಬೇಕು. ಸೋರಿಕೆಯಾದರೆ ಬಾಧಿತರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು. ಸೂಕ್ತ ಭದ್ರತೆ ಒದಗಿಸದಿದ್ದರೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸಣ್ಣ ಸಂಸ್ಥೆಗೆ ಇಷ್ಟು ದಂಡ ಬೀಳುವುದೆಂದು ಇದರ ಅರ್ಥವಲ್ಲ. ತಪ್ಪಿನ ಸ್ವರೂಪ ಮತ್ತು ಗಂಭೀರತೆಯನ್ನು ಮಂಡಳಿ ತೂಗಿ ನೋಡಬೇಕಾಗುತ್ತದೆ. ಆದರೆ ವಿಷಯವನ್ನು ಶಾಸಕಾಂಗ ಎಷ್ಟು ಗಂಭೀರವಾಗಿ ಪರಿಗಣಿಸಿದೆ ಎಂಬುದು ಆ ಅಂಕಿಯಿಂದ ವಿದಿತವಾಗುತ್ತದೆ.

ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಸಂಸ್ಥೆಯ ಪರವಾಗಿ ಮಾಹಿತಿಯನ್ನು ನಿರ್ವಹಿಸುವ ಹೊರಗಿನವರ, ಉದಾಹರಣೆಗೆ ತಂತ್ರಾಂಶ ಒದಗಿಸಿ ಪ್ರತಿದಿನದ ಪ್ರತಿಯನ್ನು ತನ್ನಲ್ಲಿ ಇಟ್ಟುಕೊಳ್ಳುವವನ, ಲೋಪಕ್ಕೂ ಸಂಸ್ಥೆಯೇ ಹೊಣೆ. ಅವನೊಡನೆ ಸಕ್ರಮವಾದ ಕರಾರು ಇರಲೇಬೇಕು. ತಪ್ಪು ಅವನದೆಂದು ಕೈ ತೊಳೆದುಕೊಳ್ಳುವ ಅವಕಾಶವಿಲ್ಲ.

ಕಾಯ್ದೆಯ ಕಣ್ಣಿಗೆ ಬೀಳದ್ದು

ಇಷ್ಟನ್ನು ಪಾಲಿಸಿದರೆ ಕಪಾಟಿನ ಮೇಲಿನ ಅಂತಸ್ತು ಭದ್ರವಾಯಿತು. ಕೆಳಗಿನ ಅಂತಸ್ತಿನ ಪುಸ್ತಕಕ್ಕೆ ಈ ಕಾಯ್ದೆಯಿಂದ ಹೆಚ್ಚಿನ ರಕ್ಷಣೆಯಿಲ್ಲ. ಏಕೆಂದರೆ 2023ರ ಕಾಯ್ದೆ ಗುರುತಿಸುವುದು ವ್ಯಕ್ತಿಯನ್ನು ಮಾತ್ರ. ಪುಸ್ತಕದಿಂದ ಹೆಸರುಗಳನ್ನು ಹೊಡೆದುಹಾಕಿದರೆ ಉಳಿದದ್ದು ವೈಯಕ್ತಿಕ ಮಾಹಿತಿಯೇ ಅಲ್ಲ. "ಇಂಥ ಗುಡ್ಡದ ಇಂಥ ಬಳ್ಳಿಯ ಬೇರು ಇಂಥ ನೋವಿಗೆ ಮದ್ದು" ಎಂಬ ವಾಕ್ಯದಲ್ಲಿ ಯಾರ ಹೆಸರೂ ಇಲ್ಲ. ಆದರೂ ಆ ವಾಕ್ಯದ ಹಿಂದೆ ಒಂದು ಸಮುದಾಯದ ಹಲವು ತಲೆಮಾರುಗಳ ಅನುಭವವಿದೆ. ಹೆಸರು ಅಳಿಸಿದರೆ ವ್ಯಕ್ತಿ ಮರೆಯಾಗಬಹುದು. ಸಮುದಾಯದ ಸೊತ್ತು ಮರೆಯಾಗುವುದಿಲ್ಲ, ಕೈ ಬದಲಾಯಿಸುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಗೆ ಇದು ದೂರದ ಚರ್ಚೆಯಲ್ಲ. ಸಿದ್ದಿ, ಕುಣಬಿ, ಗೌಳಿ, ಕರೆ ಒಕ್ಕಲಿಗ ಮೊದಲಾದ ಸಮುದಾಯಗಳು ಈ ಕಾಡುಗಳ ಆಸುಪಾಸಿನಲ್ಲಿ ಬಾಳುತ್ತಿವೆ. ಘಟ್ಟದ ಕೆಳಗೆ ಹಾಲಕ್ಕಿ ಒಕ್ಕಲಿಗರಿದ್ದಾರೆ. ಆಫ್ರಿಕಾ ಮೂಲದವರಾದ ಸಿದ್ದಿಗಳು ಶತಮಾನಗಳಿಂದ ಇಲ್ಲಿನವರಾಗಿದ್ದು, ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಕುರಿತ ಸಂಶೋಧನಾ ಪ್ರಬಂಧವೊಂದು 2011ರಲ್ಲಿ ಅಮೆರಿಕದ ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಇಂಥ ಅಧ್ಯಯನಗಳಿಂದ ಮಾನವ ಚರಿತ್ರೆಯ ತಿಳಿವಳಿಕೆ ಬೆಳೆಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇಂಥ ಅಧ್ಯಯನದ ಸ್ವರೂಪವೇ ಒಂದು ಪ್ರಶ್ನೆಯನ್ನು ಎತ್ತುತ್ತದೆ. ರಕ್ತದ ಮಾದರಿ ಕೊಡುವವರು ಕೆಲವರು, ಒಪ್ಪಿಗೆ ಕೊಡುವವರೂ ಅವರೇ. ತೀರ್ಮಾನ ಮಾತ್ರ ಇಡೀ ಸಮುದಾಯವನ್ನು ಕುರಿತದ್ದು. ಒಪ್ಪಿಗೆ ಕೊಡದವರ ಬಗೆಗೂ, ಇನ್ನೂ ಹುಟ್ಟದವರ ಬಗೆಗೂ ಅದು ಮಾತನಾಡುತ್ತದೆ.

ಈ ಪ್ರಶ್ನೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಅರಿಜೋನಾ ರಾಜ್ಯದ ಹವಸುಪಾಯಿ ಬುಡಕಟ್ಟಿನ ಪ್ರಕರಣ ನಿದರ್ಶನ. ಆ ಜನರಲ್ಲಿ ಹೆಚ್ಚಾಗಿದ್ದ ಮಧುಮೇಹದ ಅಧ್ಯಯನವೆಂದು ತಿಳಿದು ಅವರು 1990ರಿಂದ ವಿಶ್ವವಿದ್ಯಾಲಯವೊಂದಕ್ಕೆ ರಕ್ತದ ಮಾದರಿ ನೀಡಿದ್ದರು. ಅದೇ ಮಾದರಿಗಳನ್ನು ಮಾನಸಿಕ ಕಾಯಿಲೆ ಮತ್ತು ವಲಸೆಯ ಇತಿಹಾಸದ ಅಧ್ಯಯನಗಳಿಗೂ ಬಳಸಲಾಯಿತೆಂದು ತಿಳಿದಾಗ ಬುಡಕಟ್ಟು ನ್ಯಾಯಾಲಯಕ್ಕೆ ಹೋಯಿತು. 2010ರಲ್ಲಿ ರಾಜಿಯಾಗಿ, 41 ಮಂದಿಗೆ ಒಟ್ಟು 7 ಲಕ್ಷ ಡಾಲರ್ ಪರಿಹಾರ ದೊರೆಯಿತು. ಉಳಿದಿದ್ದ ರಕ್ತದ ಮಾದರಿಗಳನ್ನು ಹಿಂದಿರುಗಿಸಲಾಯಿತು. ಒಂದು ಉದ್ದೇಶಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಬಳಕೆಯಾದದ್ದೇ ಅಲ್ಲಿನ ಮೂಲ ತಕರಾರು. ಖರೀದಿ ಪುಸ್ತಕದಿಂದ ಔಷಧ ಕಂಪನಿಗೆ ವಿವರ ದಾಟಿಸುವುದರಲ್ಲಿಯೂ ಅದೇ ತಕರಾರಿನ ಬೀಜವಿದೆ.

ಇಂಥ ಅನುಭವಗಳಿಂದ ಹುಟ್ಟಿದ ವಿಚಾರವೇ ಮೂಲನಿವಾಸಿಗಳ ದತ್ತಾಂಶ ಸಾರ್ವಭೌಮತ್ವ. ಹೆಸರು ಭಾರವಾದರೂ ಅರ್ಥ ಸರಳ: ಒಂದು ಸಮುದಾಯವನ್ನು, ಅದರ ನೆಲವನ್ನು, ಅದರ ಅರಿವನ್ನು ಕುರಿತ ಮಾಹಿತಿಯ ಮೇಲೆ ಕೊನೆಯ ಮಾತು ಆ ಸಮುದಾಯದ್ದೇ ಆಗಿರಬೇಕು. ಕೆನಡಾದ ಮೂಲನಿವಾಸಿಗಳು 1998ರಲ್ಲಿಯೇ ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ ಎಂಬ ನಾಲ್ಕು ಸೂತ್ರಗಳನ್ನು ರೂಪಿಸಿಕೊಂಡರು. 2019ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಸೂತ್ರಗಳು ಸಾಮೂಹಿಕ ಲಾಭ, ನಿಯಂತ್ರಣದ ಅಧಿಕಾರ, ಹೊಣೆಗಾರಿಕೆ, ನೈತಿಕತೆ ಎಂಬ ನಾಲ್ಕನ್ನು ಮುಂದಿಟ್ಟವು.

ನೆಲದ ಕಾನೂನು

ಭಾರತದಲ್ಲಿ ಈ ವಿಚಾರಕ್ಕೆ ನೆಲೆಯಿಲ್ಲವೆಂದು ಭಾವಿಸಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜೀವಸಂಪತ್ತು ಮತ್ತು ಅದರ ಬಗೆಗಿನ ಅರಿವನ್ನು ಜನರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಈ ದಾಖಲಾತಿಯ ಕಲ್ಪನೆಯನ್ನು 1990ರ ದಶಕದಲ್ಲಿ ಬೆಳೆಸಿದವರಲ್ಲಿ ಪ್ರಮುಖರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು. ಅವರ ದೀರ್ಘಕಾಲದ ಕ್ಷೇತ್ರಕಾರ್ಯದ ನೆಲ ಉತ್ತರ ಕನ್ನಡವೇ ಆಗಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯ 3ನೆಯ ಕಲಮು ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೆ ಅರಣ್ಯವಾಸಿಗಳ ಸಾಮುದಾಯಿಕ ಹಕ್ಕನ್ನು ಸ್ಪಷ್ಟವಾಗಿ ಮಾನ್ಯ ಮಾಡಿದೆ. ಪಹಣಿಯಲ್ಲಿ ಹೆಸರು ಬಂದಿಲ್ಲದವನಿಗೂ ಈ ಹಕ್ಕು ಇರಬಹುದೆಂಬುದನ್ನು ವ್ಯಾಪಾರಸ್ಥರು ಮರೆಯಬಾರದು.

ವ್ಯಾಪಾರ ವಲಯಕ್ಕೆ ಇನ್ನೂ ಹತ್ತಿರದ ಉದಾಹರಣೆ ಶಿರಸಿ ಸುಪಾರಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆ ಹೆಸರು ಯಾವ ಒಬ್ಬ ವ್ಯಾಪಾರಿಯ ಸೊತ್ತೂ ಅಲ್ಲ. ಸಹಕಾರಿ ಸಂಘದ ಮೂಲಕ ನೋಂದಣಿಯಾದರೂ ಅದರ ಹಿಂದಿರುವುದು ಈ ಪ್ರದೇಶದ ಬೆಳೆಗಾರರೆಲ್ಲರ ಹಿತ. ತಮ್ಮ ಅಡಿಕೆಯ ಹೆಸರು ಸಾಮೂಹಿಕ ಸೊತ್ತೆಂದು ವಾದಿಸಿ ಗೆದ್ದ ಪ್ರದೇಶಕ್ಕೆ, ಸಿದ್ದಿ ಹೆಂಗಸಿನ ಬೇರಿನ ಅರಿವು ಅವಳ ಸಮುದಾಯದ ಸಾಮೂಹಿಕ ಸೊತ್ತೆಂದು ಒಪ್ಪಿಕೊಳ್ಳುವುದು ಕಷ್ಟವಾಗಬಾರದು.

ಅರಿವು ಹೊರಗೆ ಹೋದ ಮೇಲೆ ಹಿಂದಕ್ಕೆ ತರುವುದು ಎಷ್ಟು ದುಬಾರಿ ಎಂಬುದನ್ನು ಅರಿಸಿನದ ಪ್ರಕರಣ ಕಲಿಸಿತು. ಗಾಯ ಮಾಯಿಸುವ ಅರಿಸಿನದ ಗುಣಕ್ಕೆ ಅಮೆರಿಕದಲ್ಲಿ 1995ರಲ್ಲಿ ಹಕ್ಕುಸ್ವಾಮ್ಯ ದೊರೆತಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳ ಸಾಕ್ಷ್ಯ ಒದಗಿಸಿ 1997ರಲ್ಲಿ ಅದನ್ನು ರದ್ದುಪಡಿಸಿತು. ಆ ಬಳಿಕ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ರೂಪುಗೊಂಡಿತು. ಎರಡು ಸಂಗತಿಗಳು ಇಲ್ಲಿ ಗಮನಾರ್ಹ. ಅರಿಸಿನಕ್ಕೆ ಗ್ರಂಥಗಳ ಸಾಕ್ಷ್ಯವಿತ್ತು. ಗ್ರಂಥಕ್ಕೆ ಏರದ, ಬಾಯಿಂದ ಬಾಯಿಗೆ ಬಂದ ಮದ್ದಿಗೆ ಅಂಥ ಸಾಕ್ಷ್ಯವಿರುವುದಿಲ್ಲ. ಎರಡನೆಯದಾಗಿ, ಸರ್ಕಾರವು ಆ ಗ್ರಂಥಾಲಯವನ್ನೇ ಆರಂಭದಿಂದ ಬೀಗ ಹಾಕಿ ಇಟ್ಟಿತು. ಗೋಪ್ಯತೆಯ ಕರಾರಿನ ಮೇಲೆ ಹಕ್ಕುಸ್ವಾಮ್ಯ ಕಚೇರಿಗಳಿಗೆ ಮಾತ್ರ ನೋಡಲು ಕೊಟ್ಟಿತು. ಜ್ಞಾನವನ್ನು ಬರೆದಿಡುವುದೂ ಅದನ್ನು ಬೀದಿಗಿಡುವುದೂ ಬೇರೆ ಬೇರೆ ಎಂಬ ಅರಿವು ಅದರ ಹಿಂದಿತ್ತು.

ಕಾನೂನಿನ ಕೊರತೆಗಳನ್ನೂ ಮುಚ್ಚಿಡಬಾರದು. ಜೀವವೈವಿಧ್ಯ ದಾಖಲಾತಿಗಳನ್ನು 2020ರ ಜನವರಿಯೊಳಗೆ ಪೂರ್ಣಗೊಳಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿದಾಗ ಗಡುವಿನ ಆತುರ ಹೆಚ್ಚಿತು. ಆತುರದಲ್ಲಿ ತುಂಬಿದ ನಮೂನೆಯಲ್ಲಿ ಮರಗಳ ಪಟ್ಟಿ ಸೇರಬಹುದು. ಯಾವ ಅರಿವನ್ನು ಗೋಪ್ಯವಾಗಿಡಬೇಕು ಎಂಬ ಊರವರ ಮಾತು ಸೇರುವುದು ಕಷ್ಟ. 2024ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿಯು ಗ್ರಂಥಸ್ಥ ಪಾರಂಪರಿಕ ಜ್ಞಾನದ ಬಳಕೆದಾರರಿಗೆ ಲಾಭಹಂಚಿಕೆಯಿಂದ ವಿನಾಯಿತಿ ನೀಡಿದೆ. ಸೆರೆವಾಸದ ಶಿಕ್ಷೆಯನ್ನು ಕೈಬಿಟ್ಟು ದಂಡಕ್ಕೆ ಸೀಮಿತಗೊಳಿಸಿದೆ. ಉದ್ದಿಮೆಗೆ ಇದು ಸಡಿಲಿಕೆ ಎಂಬುದು ನಿಜ. ಆದರೆ ಕಾನೂನು ಸಡಿಲವಾದಷ್ಟೂ ಸಂಸ್ಥೆಯ ಸ್ವಂತ ಶಿಸ್ತಿನ ಮೇಲಿನ ಭಾರ ಹೆಚ್ಚುತ್ತದೆ.

ಉಪ್ಪಾಗೆಯ ಪಾಠ

ಹಂಚಿಕೊಂಡ ಅರಿವಿನಿಂದಲೇ ವ್ಯಾಪಾರ ಬೆಳೆಯುತ್ತದೆ, ಎಲ್ಲಕ್ಕೂ ಬೀಗ ಹಾಕಿದರೆ ಸಂಗ್ರಹಕಾರನಿಗೇ ನಷ್ಟವೆಂಬ ವಾದವನ್ನು ವ್ಯಾಪಾರ ವಲಯ ಮುಂದಿಡುವುದು ಸಹಜ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಬಗೆ, ಮುರುಗಲಿನ ಪಾನಕ, ಉಪ್ಪಾಗೆ ಬೀಜದ ತುಪ್ಪ ಇವು ಊರಿಗೆಲ್ಲ ತಿಳಿದ ವಿಷಯಗಳು. ಇವುಗಳಿಗೆ ಬೀಗದ ಅಗತ್ಯವಿಲ್ಲ. ಆದರೆ ಮಿಡಿ ಕೊಡುವ ಮರ ಎಲ್ಲಿದೆ ಎಂಬ ಮಾಹಿತಿ ಆ ಬಗೆಯದಲ್ಲ. ಅಘನಾಶಿನಿ, ಬೇಡ್ತಿ ಕಣಿವೆಗಳ ಹೊಳೆಯಂಚಿನ ಅಪರೂಪದ ಅಪ್ಪೆಮರಗಳಲ್ಲಿ ಕೊಂಬೆಯನ್ನೇ ಕಡಿದು ಮಿಡಿ ಇಳಿಸುವ ಕೆಟ್ಟ ರೂಢಿಯನ್ನು ಈ ಭಾಗ ಕಂಡಿದೆ. ಮರದ ಸ್ಥಾನ ಉಪಗ್ರಹ ನಕ್ಷೆಯ ಮೇಲೆ ಬಿಂದುವಾಗಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದರೆ ಮುಂದಿನ ಹಂಗಾಮಿನಲ್ಲಿ ಆ ಮರ ಉಳಿಯುವ ಭರವಸೆಯಿಲ್ಲ.

1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ಬಂದ ಬೇಡಿಕೆ ಇದಕ್ಕೆ ಸಾಕ್ಷಿ. ಮೈತೂಕ ಇಳಿಸುವ ಮದ್ದೆಂದು ಹೊರದೇಶಗಳಲ್ಲಿ ಪ್ರಚಾರವಾದಾಗ ದರ ಏರಿತು. ನಾನು ಮೊದಲು, ತಾನು ಮೊದಲು ಎಂದು ಕಾಯಿ ಹಣ್ಣಾಗುವ ಮೊದಲೇ ಕೀಳುವುದು ನಡೆಯಿತು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಕಟ್ಟಿಗೆ ಉರಿಯಿತು. ಯಾರು, ಯಾವಾಗ, ಯಾವ ಗುಡ್ಡದಲ್ಲಿ ಎಂಬ ಹಳ್ಳಿಯ ಒಳಗಿನ ಕಟ್ಟಳೆಯನ್ನು ಮೀರಿದ ಆತುರ ಅದು. ಕಟ್ಟಳೆ ಹೋದಲ್ಲಿ ಮೊದಲು ಹಾಳಾದದ್ದು ಕಾಡು, ನಂತರ ಹಾಳಾದದ್ದು ಮಾಲಿನ ಗುಣಮಟ್ಟ, ಅಂದರೆ ವ್ಯಾಪಾರವೇ.

ಸಮುದಾಯದ ಪರವಾಗಿ ಮಾತನಾಡುವವರು ಯಾರು ಎಂಬ ಪ್ರಶ್ನೆ ಇನ್ನೂ ಕಠಿಣವಾದುದು. ಕೇರಳದ ಕಾಣಿ ಬುಡಕಟ್ಟಿನ ಅನುಭವ ಇಲ್ಲಿ ನೆರವಿಗೆ ಬರುತ್ತದೆ. 1987ರಲ್ಲಿ ಅಗಸ್ತ್ಯಮಲೆಯ ಕಾಡಿನಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿದ ಕಾಣಿ ಯುವಕರು ಆಯಾಸ ಕಳೆಯುವ ಆರೋಗ್ಯಪ್ಪಚ್ಚ ಎಂಬ ಗಿಡದ ಗುಣವನ್ನು ತಿಳಿಸಿದರು. ಅದರಿಂದ ರೂಪಿಸಿದ ಔಷಧದ ತಯಾರಿಕೆಯ ಪರವಾನಗಿಯನ್ನು ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ 1995ರಲ್ಲಿ 10 ಲಕ್ಷ ರೂಪಾಯಿ ಶುಲ್ಕ ಮತ್ತು ರಾಜಧನಕ್ಕೆ ಒಂದು ಔಷಧ ಕಂಪನಿಗೆ ನೀಡಿತು. ಆದಾಯದ ಅರ್ಧವನ್ನು ಕಾಣಿಗಳ ವಿಶ್ವಸ್ತ ಮಂಡಳಿಗೆ ಮೀಸಲಿಟ್ಟಿತು. ಲಾಭಹಂಚಿಕೆಯ ಮೊದಲ ಮಾದರಿಗಳಲ್ಲಿ ಒಂದೆಂದು ಇದು ಜಗತ್ತಿನ ಗಮನ ಸೆಳೆಯಿತು. ಆದರೆ ಆ ಗುಟ್ಟನ್ನು ಹೇಳುವ ಅಧಿಕಾರ ಆ ಯುವಕರಿಗಿತ್ತೇ ಎಂದು ಬುಡಕಟ್ಟಿನ ಒಳಗಿನ ಪಾರಂಪರಿಕ ವೈದ್ಯರೇ ಆಕ್ಷೇಪಿಸಿದರು. ಹಣ ಹಂಚಿದ್ದು ಸರಿಯಾಗಿತ್ತು. ಕೇಳಬೇಕಾದವರನ್ನು ಮೊದಲೇ ಕೇಳದಿದ್ದುದು ತೊಡಕಾಗಿ ಉಳಿಯಿತು.

ಕರ್ನಾಟಕವೂ ಇಂಥ ತೊಡಕನ್ನು ಕಂಡಿದೆ. ಬಿಟಿ ಬದನೆಯನ್ನು ರೂಪಿಸಲು ರಾಜ್ಯದ ಸ್ಥಳೀಯ ಬದನೆ ತಳಿಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂಬ ದೂರು 2010ರಲ್ಲಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ಬಂದಿತು. ಕಾನೂನುಕ್ರಮ ಕೈಗೊಳ್ಳಲು ರಾಷ್ಟ್ರೀಯ ಪ್ರಾಧಿಕಾರ 2011ರಲ್ಲಿ ನಿರ್ಧರಿಸಿತು. ಆರಂಭದಲ್ಲಿ ಊರನ್ನು ಕೇಳುವ ಕೆಲಸಕ್ಕೆ ಹಿಡಿಯುವುದು ಕೆಲವು ಸಭೆಗಳು. ಕೇಳದೆ ಬಿಟ್ಟ ವಿವಾದಕ್ಕೆ ಹಿಡಿಯುವುದು ವರ್ಷಗಳು.

ಎರಡು ಪುಸ್ತಕ, ಎರಡು ಕೀಲಿ

ಹಾಗಾದರೆ ದಾಸನಕೊಪ್ಪದಂಥ ಊರಿನ ಸಣ್ಣ ಸಂಸ್ಥೆ ಮಾಡಬೇಕಾದುದೇನು? ದುಬಾರಿ ತಂತ್ರಾಂಶವಾಗಲಿ ಪಟ್ಟಣದ ಸಲಹೆಗಾರರಾಗಲಿ ಇದಕ್ಕೆ ಅನಿವಾರ್ಯವಲ್ಲ. ಮೊದಲನೆಯದಾಗಿ, ಸಂಸ್ಥೆಯಲ್ಲಿ ಯಾವ ಯಾವ ಮಾಹಿತಿ ಎಲ್ಲೆಲ್ಲಿದೆ ಎಂಬುದರ ಪಟ್ಟಿಯನ್ನು ಮಾಡಬೇಕು. ಗುಮಾಸ್ತನ ಮೊಬೈಲನ್ನೂ ಈ ಪಟ್ಟಿಯಿಂದ ಬಿಡಬಾರದು. ಎರಡನೆಯದಾಗಿ, ವ್ಯಕ್ತಿಯ ಮಾಹಿತಿ ಮತ್ತು ಸಮುದಾಯದ ಮಾಹಿತಿಗಳನ್ನು ಪ್ರತ್ಯೇಕ ಪುಸ್ತಕಗಳಲ್ಲಿ, ಪ್ರತ್ಯೇಕ ಕಡತಗಳಲ್ಲಿ ಇಡಬೇಕು. ವ್ಯಕ್ತಿಯ ಮಾಹಿತಿಗೆ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರವಿರಬೇಕು. ಓದಲು ಬಾರದವರಿಗೆ ಅದನ್ನು ಓದಿ ಹೇಳಿ, ಅರ್ಥವಾಗಿದೆಯೇ ಎಂದು ಕೇಳಿದ ನಂತರವೇ ಹೆಬ್ಬೆಟ್ಟು ಪಡೆಯಬೇಕು. ಸಾಲ ಬಾಕಿದಾರರ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವಂಥ ಪದ್ಧತಿ ಎಲ್ಲಿದ್ದರೂ ಅಂದೇ ನಿಲ್ಲಬೇಕು.

ಮೂರನೆಯದಾಗಿ, ಸಮುದಾಯದ ಮಾಹಿತಿಯ ಕೀಲಿಯನ್ನು ಸಂಸ್ಥೆ ಒಂಟಿಯಾಗಿ ಇಟ್ಟುಕೊಳ್ಳಬಾರದು. ಕಂಪನಿಯಾಗಲಿ ಸಂಶೋಧಕರಾಗಲಿ ಅದನ್ನು ಕೇಳಿ ಬಂದಾಗ ಸಂಬಂಧಪಟ್ಟ ಕೇರಿಯ ಸಭೆಯಲ್ಲಿ ಮತ್ತು ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ವಿಷಯ ಮಂಡಿಸಿ, ಬರಹದಲ್ಲಿ ಒಪ್ಪಿಗೆ ದೊರೆತ ಮೇಲಷ್ಟೇ ಕೊಡಬೇಕು. ಸಭೆಯಲ್ಲಿ ಊರಿನ ಮುಖಂಡರು ಮಾತ್ರ ಕುಳಿತಿದ್ದರೆ ಸಾಲದು. ಕಾಡಿಗೆ ಹೋಗಿ ಕಾಯಿ ಆರಿಸುವವರಲ್ಲಿ ಹೆಚ್ಚಿನವರು ಹೆಂಗಸರು. ಅವರಿಲ್ಲದ ಒಪ್ಪಿಗೆ ಸಮುದಾಯದ ಒಪ್ಪಿಗೆಯಲ್ಲ. "ಬೇಡ" ಎನ್ನುವ ಉತ್ತರವನ್ನೂ ಪುಸ್ತಕದಲ್ಲಿ ನಮೂದಿಸಿ ಗೌರವಿಸಬೇಕು. ನಾಲ್ಕನೆಯದಾಗಿ, ಮರಗಳ ನಿಖರ ಸ್ಥಾನ, ಮದ್ದಿನ ಗಿಡಗಳ ಗುರುತು, ಆರಾಧನೆಯ ತಾಣಗಳ ವಿವರ ಇವುಗಳನ್ನು ಬಲ್ಲವರ ಬಳಿಯೇ ಬಿಡುವುದು ಲೇಸು. ವ್ಯಾಪಾರಕ್ಕೆ ಅಗತ್ಯವಿಲ್ಲದ ಮಾಹಿತಿಯನ್ನು ಬರೆದಿಟ್ಟುಕೊಳ್ಳದಿರುವುದೇ ಎಲ್ಲಕ್ಕಿಂತ ಅಗ್ಗದ ಭದ್ರತೆ. ಐದನೆಯದಾಗಿ, ಈ ಎರಡೂ ಪುಸ್ತಕಗಳಿಂದ ವರ್ಷದಲ್ಲಿ ಯಾರಿಗೆ ಏನು ಕೊಡಲಾಯಿತು, ಅದರಿಂದ ಬಂದದ್ದೇನು ಎಂಬುದನ್ನು ಲೆಕ್ಕಪತ್ರದಂತೆಯೇ ವಾರ್ಷಿಕ ಸಾಮಾನ್ಯ ಸಭೆಯ ಮುಂದೆ ಇಡಬೇಕು. ಸದಸ್ಯರಲ್ಲದ ಸಂಗ್ರಹಕಾರರಿಗೂ ಆ ಒಂದು ವಿಷಯದಲ್ಲಿ ಕೇಳುವ ಅವಕಾಶವಿರಬೇಕು.

ಇದರಿಂದ ಕೆಲಸ ನಿಧಾನವಾಗುತ್ತದೆ ಎಂಬುದು ಸತ್ಯ. ಕಂಪನಿಯ ಪ್ರತಿನಿಧಿಗೆ ಸಂಜೆಯೊಳಗೆ ಉತ್ತರ ಕೊಡುವ ಬದಲು ಮುಂದಿನ ತಿಂಗಳ ಸಭೆಯವರೆಗೆ ಕಾಯಿರಿ ಎನ್ನಬೇಕಾದೀತು. ಕೆಲವೊಂದು ವ್ಯವಹಾರ ಕೈತಪ್ಪಲೂಬಹುದು. ಆದರೆ ಮಾಲಿನ ಮೂಲ ಎಲ್ಲಿಯದು, ಅದನ್ನು ಕೊಟ್ಟವರ ಒಪ್ಪಿಗೆ ಇದೆಯೇ ಎಂದು ಕೇಳುವ ಖರೀದಿದಾರನಿಗೆ ದಾಖಲೆ ತೋರಿಸಿ ಉತ್ತರಿಸುವ ಸಾಮರ್ಥ್ಯ ಇಂಥ ಸಂಸ್ಥೆಗೆ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಂಗ್ರಹಕಾರರು ಮತ್ತು ಬೆಳೆಗಾರರು ಮುಂದಿನ ಹಂಗಾಮಿನಲ್ಲಿಯೂ ಅದೇ ಬಾಗಿಲಿಗೆ ಬರುತ್ತಾರೆ.

ಬೆಳೆಗಾರನ ಹೆಸರಿನ ಚೀಟಿ ಅಂಟಿಸಿದ ಅಡಿಕೆ ಮೂಟೆಯನ್ನು ಅವನ ಒಪ್ಪಿಗೆಯಿಲ್ಲದೆ ಮುಟ್ಟದ ಕೈಗಳು ಸಹಕಾರಿ ಚಳವಳಿಯನ್ನು ಈ ಮಣ್ಣಿನಲ್ಲಿ ಒಂದು ಶತಮಾನ ನಡೆಸಿಕೊಂಡು ಬಂದಿವೆ. ಕಪಾಟಿನಲ್ಲಿರುವ ಪುಸ್ತಕಗಳ ಪ್ರತಿ ಪುಟದ ಮೇಲೆಯೂ, ಕಣ್ಣಿಗೆ ಕಾಣದಿದ್ದರೂ, ಅಂಥದೇ ಒಂದು ಚೀಟಿಯಿದೆ. ಕೆಲವು ಪುಟಗಳ ಮೇಲೆ ಒಬ್ಬರ ಹೆಸರು, ಕೆಲವು ಪುಟಗಳ ಮೇಲೆ ಒಂದು ಕೇರಿಯ ಹೆಸರು. ಬರಲಿರುವ ವಾರ್ಷಿಕ ಸಭೆಗಳ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲಿನ ಸ್ಥಾನ ದೊರೆಯುವುದು ಅಪೇಕ್ಷಣೀಯ.